ಮೂರನೇ ನಂಬರಿನ ಚಕ್ಕಲಿ

…ಮುರೀತು, ಬಸವಣ್ಣೆವ್ವಾ. ಚಕ್ಕಲಿ ಮುರೀತು! ನಿನ್ನೆ ಸಂಜಿ ಐದೂವರಿಕ್ಕ, ಯುವಕ ಸಂಘದ ಟೇಬಲ್ ಮ್ಯಾಲ, ಹನ್ನೆರಡು ಮಂದಿ ಸದಸ್ಯರ ಸಮಕ್ಷಮ. ಇಂಥಾ ಸುದ್ದಿ ಫೋನಿನ್ಯಾಗ ಹೇಳಬಾರದು ಅಂತ, ಸಂಘದ ಸಲಹೆಗಾರ ಆದ ನಾನ ಖುದ್ದು ನಡಕೋತ ಬಂದೆ.

ಯಾಕ ನಗ್ತೀ?

ನಗೂ ಮಾತಲ್ಲ ಇದು. ಒಳಗ ಬ್ಯಾಡ ಬಿಡು, ಇಲ್ಲೇ ಕಟ್ಟಿ ಬಾಜು ನಿಲ್ತೀನಿ, ಗಾಳಿ ಛಲೋ ಅದ. ನಿನ್ನ ಡಬ್ಬಿ ತಂದೇನಿ… ಕೈಯಾಗ ಯಾಕ, ಕೆಳಗಿಡ್ತೀನಿ, ತಗೋ. ನಲವತ್ತು ಚಕ್ಕಲಿ ಕಳಿಸಿದ್ದಿ. ಖಾಲಿ ಅದ.

ರುಚಿ? ಅಯ್ಯ, ರುಚಿ ಬಗ್ಗೆ ಯಾರೂ ಮಾತಾಡೂ ಹಂಗ ಇಲ್ಲ! ಹುಡುಗರಿಗೆ ವಾಲಿಬಾಲ್ ನೆಟ್ ಬೇಕು, ಅದಕ್ಕ ಏನರ ತಿನ್ನೂದು ಮಾರೂಣು, ಬೆಲೆ ನ್ಯಾಯದ್ದಿರಲಿ ಅಂದ್ರು. ಮೂರು ತಾಟು ಇಡ್ರಿ, ಹೆಸರು ಬ್ಯಾಡ, ನಂಬರು ಹಚ್ಚರಿ, ನಾಲಿಗಿಗೆ ಜಾತಿ ಇರಂಗಿಲ್ಲ ಅಂದಾವ ಯಾರು? ನಾನು, ವೆಂಕಣ್ಣ ಮಾಸ್ತರ. ಚಪ್ಪಾಳಿ ಹೊಡದ್ರು. ಒಂದನೇ ನಂಬರು ನಮ್ಮ ಮನಿಯಾಕಿ ದ್ವಾರಕಾಬಾಯಿದು. ಎರಡನೇದು ಹುಬ್ಬಳ್ಳಿ ಪಾಕೀಟು. ಮೂರನೇದು ನಿಂದು. ಒಂದನೇದನ್ನ ನಾಯಿನೂ ಮೂಸಲಿಲ್ಲ… ಇದನ್ನ ಆಕಿಗೆ ಹೇಳಬ್ಯಾಡ. ಮೂರನೇದಕ್ಕ ಬಡಿದಾಟ! ನಾ ಒಬ್ಬಾವನ ಒಂಬತ್ತು ತಿಂದೆ.

ಗೊತ್ತದ, ಗೊತ್ತದ. ಮೂರನೇ ನಂಬರ್ ಗೆದ್ದದ್ದ ತಡ, ನಿನ್ನ ಮಗ ಭೀಮೇಶ ಹೆಸರಿನ ಚೀಟಿ ಬಿಚ್ಚೂ ಮೊದಲ ಇಲ್ಲಿಗೆ ಓಡಿ ಬಂದ. ಅವಸರದ ಹುಡುಗ. ಬಾಲ್ ಹೊಡೀಲಿಕ್ಕೆ ಅವಸರ ಇರಬೇಕು, ಸುದ್ದಿ ಹೇಳಲಿಕ್ಕೆ ಇರಬಾರದು.

ಏನು ಅವು, ಚೀಲ? ಹಿಟ್ಟು? ಇಪ್ಪತ್ತು ಕಿಲೋನೂ ಬೀಸಿಸಿಕೊಂಡು ಬಂದೀ? ಛೇ ಛೇ. ಕಳೆ ತಗಿಯೂ ಕೂಲಿನೂ ಬಿಟ್ಟೀ ಇವತ್ತು? ಯಾರು ಬಿಡು ಅಂದ್ರು ನಿನಗ?

ಕೇಳಿಲ್ಲಿ. ಸಂಘ ಭಾಳ ವಿಚಾರ ಮಾಡೇದ. ನೀ ಚೀಟಿಯೊಳಗ ಬರಸಿದ ದರ ಪುಡಕಿಗೆ ಹತ್ತು ರೂಪಾಯಿ. ಹತ್ತು! ಎಣ್ಣಿ ಏನು ದರ, ಕಟಗಿ ಏನು ದರ? ಬಡ ಹೆಣ್ಣಮಗಳ ಕಡೆಯಿಂದ ಹತ್ತಕ್ಕ ತಗೊಂಡ್ರ ಅದು ಅನ್ಯಾಯ. ಶೋಷಣಿ. ಹಂಗಾಗಿ, ನಿನಗ ಅನ್ಯಾಯ ಆಗಬಾರದು ಅಂತ, ನಿನ್ನ ಕಡೆ ತಗೊಳ್ಳೂದ ಬ್ಯಾಡ ಅಂತ ಠರಾವು ಆತು. ಮ್ಯಾಲ ಚಕ್ಕಲಿ ಬ್ಯಾರೆ ಮುರೀತು. ಮುರದದ್ದು ಮಾರಲಿಕ್ಕೆ ಬರಂಗಿಲ್ಲ ನೋಡು.

ಸಿಟ್ಟಾದೀ? ಹಿಟ್ಟಿನ ಚಿಂತಿ ಮಾಡಬ್ಯಾಡ. ಹಿಟ್ಟು ನಮ್ಮ ಮನಿಗೆ ಕಳಿಸು, ಪೇಟಿ ದರ ಕೊಡಸ್ತೀನಿ. ಹಿಟ್ಟಿಗೆ ಏನೂ ಇಲ್ಲ, ಗಿರಣಿಯೊಳಗ ಎಲ್ಲಾರದೂ ಕೂಡೇ ಇರ್ತದ. ಹಂಗ… ಎಳ್ಳು ಎಷ್ಟು, ಓಂಕಾಳು ಎಷ್ಟು, ಬೆಣ್ಣಿ ಯಾವಾಗ ಹಾಕ್ತೀ, ಅಷ್ಟು ಹೇಳಿಬಿಡು. ದ್ವಾರಕಾಬಾಯಿ ಮಾಡ್ತಾಳ. ಹೊಲಸು ಬುದ್ಧಿಯಿಂದ ಕೇಳಾಕತ್ತಿಲ್ಲ, ಊರ ಹುಡುಗರ ಸಲುವಾಗಿ.

ಏನಿದು, ತಾಟು? ಬಿಸಿಬಿಸಿ… ಬ್ಯಾಡವಾ. ಸಕ್ಕರಿ ಬ್ಯಾನಿ ನನಗ. ಹೌದು, ಚಕ್ಕಲಿಯೊಳಗ ಸಕ್ಕರಿ ಇರಂಗಿಲ್ಲ, ಗೊತ್ತದ. ಹಲ್ಲು ನೋಯ್ತಾವ. ನಿನ್ನೆ ನೋವು ಇರಲಿಲ್ಲ, ಇವತ್ತು ಅದ. ಒಂದಾ? ಒಂದೂ ಬ್ಯಾಡ ಅಂದ್ನಲ್ಲಾ! ಇವತ್ತು ಸೋಮವಾರ, ಉಪಾಸ… ಏನು, ಮಂಗಳವಾರಾ? ಇರಲಿ. ಎತ್ತು ತಾಟು.

ಯಾಕ ಡಬ್ಬಿ ತಗೀತೀ? ಖಾಲಿ ಅದ ಅಂತ ಹೇಳೇನಿ. ಡಬ್ಬುಹಾಕಿ ಏನು ತೋರಸ್ತೀ? ಹೌದು, ಒಂದು ಚೂರೂ ಬೀಳಂಗಿಲ್ಲ. ಅದಕ್ಕೇನೀಗ? ಮುರದದ್ದನ್ನ… ಯಾರರ ತಿಂದಿರಬೇಕು. ಮುರದದ್ದನ್ನೂ ತಿಂತಾರ ಮಂದಿ.

ಹಂಗ ನೋಡಬ್ಯಾಡ. ಏನರ ಅನ್ನು ಬೇ. ಬೇಕಾದ್ರ ಬೈ.

…

ಮುರೀಲಿಲ್ಲ. ಆತೇನು? ಮುರಿಲಿಕ್ಕೆ ಒಂದೂ ಉಳದಿರಲಿಲ್ಲ. ನಲವತ್ತೂ ಖಾಲಿ ಆದ ಮ್ಯಾಲ ನಾ ಚೀಟಿ ಬಿಚ್ಚಿ ಓದಿದೆ. ಬಸವಣ್ಣೆವ್ವ, ಕೆಳಗಿನ ಕೇರಿ. ಬರದಾವ ನಿನ್ನ ಮಗನ, ದುಂಡಗ ಬರದಿದ್ದ. ನಾನ ಕಲಿಸಿದ ಅಕ್ಷರ. ಅಧ್ಯಕ್ಷ ಸಣ್ಣಪ್ಪ ಎದ್ದು ನಳದ ಕಡೆ ಹೊಂಟ. ಅವನ ಹಿಂದ ಎಲ್ಲಾರೂ ಸಾಲು ಹಚ್ಚಿದ್ರು. ಹಿರಿಯಾವ ಅಂತ ಬಾಯಿ ಮುಕ್ಕಳಸಲಿಕ್ಕೆ ಮೊದಲ ನನಗ ಬಿಟ್ರು.

ಐತವಾರ ಮುಂಜಾನೆ ಒಂಬತ್ತಕ್ಕ, ಬಸ್ ಸ್ಟ್ಯಾಂಡಿನ ಬಾಜು ಮಾರಾಟ. ದ್ವಾರಕಾಬಾಯಿ ಚಕ್ಕಲಿ, ಪುಡಕಿಗೆ ಇಪ್ಪತ್ತು ರೂಪಾಯಿ. ಟೇಬಲ್ ಹೊರೂ ಕೆಲಸ ಭೀಮೇಶಂದು.