ಎರಡನೇ ಗೆರೆ

ರಾತ್ರಿ ಹತ್ತೂವರೆ. ಲ್ಯಾಬಿನಿಂದ ರೂಮಿಗೆ ಹೋಗೋ ದಾರಿಯ ಆಲದ ಮರ ಹತ್ತಿರ ಬರ್ತಿದ್ದ ಹಾಗೆ ಶ್ರಾವ್ಯಾಳ ಹೆಜ್ಜೆ ತಾನಾಗೇ ಜೋರಾಯ್ತು.

ಶ್ರಾವ್ಯಾ ಅಂದರೆ ನಮ್ಮ ದೊಡ್ಡಪ್ಪನ ಮಗಳು. 2004ರಲ್ಲಿ ತುಮಕೂರಿನಿಂದ ಹೋಗಿ ವಿಶಾಖಪಟ್ಟಣದ ಹೊರಗೆ ಒಂದು ಔಷಧಿ ಕಂಪನಿಯ ಲ್ಯಾಬಿಗೆ ಸೇರಿದ್ದಳು. ಇಂಜೆಕ್ಷನ್ನಿನ ಪ್ರೋಟೀನು ಶುದ್ಧವಾಗಿದೆಯಾ ನೋಡೋದು ಅವಳ ಕೆಲಸ. ತೆಳ್ಳನೆ ಜೆಲ್, ಅದರ ನೆತ್ತಿಯಲ್ಲಿ ಹತ್ತು ಗುಳಿ. ಗುಳಿಗೆ ಪ್ರೋಟೀನು ಬಿಟ್ಟು ಕರೆಂಟು ಕೊಟ್ಟರೆ ಚಿಕ್ಕವು ನುಸುಳಿಕೊಂಡು ಕೆಳಗಿಳೀತವೆ, ದೊಡ್ಡವು ಮೇಲೇ ಸಿಕ್ಕಿಕೊಳ್ತವೆ. ನೀಲಿ ಬಣ್ಣದಲ್ಲಿ ಅದ್ದಿದರೆ ಗೆರೆಯಾಗಿ ಕಾಣ್ತವೆ. ಶುದ್ಧವಾಗಿದ್ದರೆ ಒಂದೇ ಗೆರೆ ಬರಬೇಕು. ಆವತ್ತು ಕೆಳಗೆ ಇನ್ನೊಂದು ಬಂತು... ಮಸುಕಾಗಿ.

ಮೇಲಧಿಕಾರಿ ದುರ್ಗಾಪ್ರಸಾದ್, "ಸ್ಯಾಂಪಲ್ ಕಮ್ಮಿ ಹಾಕಿ ಇನ್ನೊಂದ್ಸಲ ಓಡಿಸಮ್ಮಾ, ಅದು ಕಾಣಲ್ಲ. ಬೆಳಿಗ್ಗೆ ಲಾರಿ ಬರತ್ತೆ," ಅಂದಿದ್ದರು. ಎಂಟು ಗುಳಿ ತುಂಬಿಸಿ, ಎರಡು ಖಾಲಿ ಬಿಟ್ಟು ಓಡಿಸಿದಳು. ಒಂದೇ ಗೆರೆ. ರಿಪೋರ್ಟಿಗೆ ಸೈನು ಹಾಕಿ ಹೊರಟಿದ್ದಳು. ನಾಳೆ ಅದನ್ನ ಯಾರ ತೋಳಿಗೆ ಚುಚ್ಚುತ್ತಾರೋ...

ಮರದ ಕೆಳಗೆ... ಪಚ್... ಪಚ್... ಒದ್ದೆ ಚಪ್ಪಲಿ ಸದ್ದು. ನಿಂತಳು. ಅದೂ ನಿಂತಿತು.

ಕಿವಿಯ ಪಕ್ಕದಲ್ಲೇ ಹೆಂಗಸಿನ ದನಿ. "ರೆಂಡು ಉನ್ನಾಯಿ ಕದಮ್ಮಾ?"

ಎರಡಿತ್ತಲ್ವೇನಮ್ಮಾ, ಅಂತ.

ರೂಮು ದೂರ, ಕಂಪನಿ ಗೇಟಿನ ದೀಪ ಹತ್ತಿರ. ವಾಪಸು ಓಡಿದಳು. ವಾಚ್‌ಮನ್ ಕಾಮೇಶ್ವರ ಆಗಲೇ ಎದ್ದು ನಿಂತಿದ್ದ.

"ಒಳಗೆ ಯಾರಿದ್ದಾರೆ ಮೇಡಂ?" ಪಿಸುಗುಟ್ಟಿದ.

"ಯಾರೂ ಇಲ್ಲ."

"ಮತ್ತೆ... ಗಾಜು ತೊಳೀತಿರೋರು?"

ಹೌದು. ಟಿಣ್... ಟಿಣ್...

ಇಬ್ಬರೂ ಹೋಗಿ ಲ್ಯಾಬಿನ ಬಾಗಿಲು ತೆಗೆದರು. ಸದ್ದು ನಿಂತಿತು. ಸಿಂಕು ಒಣಗಿತ್ತು. ಜೆಲ್ ಇದ್ದ ಟ್ರೇ ಮಾತ್ರ ಅಲುಗಾಡಿಸೋ ಯಂತ್ರದ ಮೇಲೆ ತೂಗಾಡುತ್ತಿತ್ತು. ಕಿರ್ರ್... ಕಿರ್ರ್... ಪ್ಲಗ್ಗು ಅವಳೇ ಕಿತ್ತಿದ್ದಳು. ಕಿತ್ತ ಹಾಗೇ ಇತ್ತು.

ಜೆಲ್ ಎತ್ತಿ ದೀಪಕ್ಕೆ ಹಿಡಿದಳು. ಎರಡನೇ ಗೆರೆ, ಕಡುನೀಲಿ. ಹತ್ತೂ ಗುಳಿಯ ಕೆಳಗೆ... ಖಾಲಿ ಬಿಟ್ಟ ಎರಡರ ಕೆಳಗೂ.

ಸೈನು ಹಾಕಿದ್ದ ರಿಪೋರ್ಟು ಹರಿದು ಹಾಕಿ ಹೊಸದು ಬರೆದಳು: ಈ ಬ್ಯಾಚ್ ಕಳಿಸಕೂಡದು.

"ನಿಮಗಿಂತ ಮುಂಚೆ ಇದ್ದ ಸೀತಾಮಹಾಲಕ್ಷ್ಮಿ ಮೇಡಮ್ಮೂ ಹೀಗೇ, ಇದೇ ಜಾಗದಲ್ಲಿ ಕೂತು ಬರೀತಿದ್ರು," ಅಂದ ಕಾಮೇಶ್ವರ.

"ಈಗೆಲ್ಲಿದ್ದಾರೆ?"

"ತೀರಿಕೊಂಡು ಮೂರು ವರ್ಷ ಆಯ್ತಮ್ಮಾ..."

ಬೆಳಿಗ್ಗೆ ಲಾರಿ ಖಾಲಿ ಹೋಯ್ತು. ದುರ್ಗಾಪ್ರಸಾದ್ ಕೂಗಾಡಿದರು. ತಿಂಗಳೊಳಗೆ ಶ್ರಾವ್ಯಾ ಅಲ್ಲಿನ ಕೆಲಸ ಬಿಟ್ಟು ವಿಜಯವಾಡದ ಆಸ್ಪತ್ರೆಯೊಂದರ ಲ್ಯಾಬಿಗೆ ಸೇರಿದಳು. ಬರುವಾಗ ಆ ಜೆಲ್ಲನ್ನ ಒಣಗಿಸಿ, ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ತಂದಳು. ಒಣಗಿದ ಜೆಲ್ಲಿನಲ್ಲಿ ಗೆರೆ ಕದಲೋಕೆ ಸಾಧ್ಯವೇ ಇಲ್ಲ ಅಂತ ಅವಳೇ ಹೇಳ್ತಾಳೆ.

ನಂಬದಿದ್ದರೆ ಬಿಡಿ. ಒಂದಾದ ಮೇಲೊಂದು ಎರಡು ದಸರಾ ರಜೆಗೂ ಅವಳ ರೂಮಿಗೆ ಹೋಗಿ ನಾನೇ ಸ್ಕೇಲಿಟ್ಟು ಅಳೆದಿದ್ದೀನಿ. ಎರಡನೇ ಸಲ ಅಳೆದಾಗ ಮೇಲಿನ ಗೆರೆ ಇದ್ದಲ್ಲೇ ಇತ್ತು. ಕೆಳಗಿನದು... ಮೂರು ಮಿಲಿಮೀಟರ್ ಇಳಿದಿತ್ತು.