ಕೊಬ್ಬಿಲ್ಲದ ಮಾಂಸ

...ಅಲ್ಲೇ ಇಡು, ಆ ಐಸ್ ಪೆಟ್ಟಿಗೆ ಬಾಗಿಲ ಹತ್ರಾನೇ ಇರಲಿ. ಒಳಗೆ ಯಾಕೆ ಹೊತ್ಕೊಂಡು ಬರ್ತೀಯಾ? ತುಂಬಿ ಕಳಿಸೋಕೆ ಏನೂ ಉಳಿದಿಲ್ಲ ಅಂತ ಫೋನಲ್ಲೇ ಹೇಳಿದ್ನಲ್ಲ ಅಕ್ಕ. ಮುಗೀತು. ಆ ಜಿಂಕೆ ಮುಗೀತು. ಒಲೆ ಮೇಲೆ ಬೇಯ್ತಾ ಇದೆಯಲ್ಲ, ಅದೇ ಕೊನೇ ಪೊಟ್ಟಣ. ಬೂಟು ಬಿಚ್ಚಬೇಡ, ಹಿಮ ಕರಗಿ ನೆಲ ಹೇಗಿದ್ರೂ ಕೆಸರೇ. ಬಾ. ಅಲ್ಲಿ ಬೇಡ, ಕಿಟಕಿ ಕಡೆ ಕೂತ್ಕೋ. ಬಿಸಿಲಿದೆ.

ಏನು ಹಾಗೆ ನೋಡ್ತೀಯಾ? ಹೂಂ, ಗಡ್ಡ ತೆಗೆದಿದೀನಿ. ತಿಂಗಳಿಗೊಂದು ಸಲ ಮನುಷ್ಯ ಆಗಬಾರದಾ?

ಬಾಯಿ ಜಾಸ್ತಿ ಆಗಿದೆಯಾ ಇವತ್ತು? ನಂದಾ? ಒಬ್ಬನೇ ಇರೋನು, ನಾಲ್ಕು ತಿಂಗಳ ಮಾತು ಒಟ್ಟಿಗೆ ಬರ್ತಿದೆ ಅಂದ್ಕೋ.

ಬೆಳಗ್ಗೆ ಎಂಟಕ್ಕೇ ಇಟ್ಟೆ ಇದನ್ನ. ಸಣ್ಣ ಉರಿ. ಈರುಳ್ಳಿ, ಕ್ಯಾರೆಟ್ಟು, ಆಲೂಗೆಡ್ಡೆ, ಎರಡು ಪಲಾವ್ ಎಲೆ. ಅಷ್ಟೇ. ಬೆಣ್ಣೆ ಇಲ್ಲ, ಬೇಕನ್ ಇಲ್ಲ, ಒಂದು ತೊಟ್ಟು ಎಣ್ಣೆ ಇಲ್ಲ. ನೀನು ಭಾವನಿಗೆ ಮಾಡ್ತೀಯಲ್ಲ, ಹಾಗೇ. ನಿನ್ನಷ್ಟು ಬೇಯಿಸಲ್ಲ, ಅದೊಂದೇ ವ್ಯತ್ಯಾಸ. ಮದುವೆಯಾದ ಹೊಸದರಲ್ಲಿ ನೀನು ಹುರಿದ ಜಿಂಕೆ ತೊಡೆ ನೆನಪಿದೆಯಾ? ಚಪ್ಪಲಿ ಅಟ್ಟೆ! ಪಾಪ, ಭಾವ ಅಗೀತಾ ಅಗೀತಾ "ಬಹಳ ರುಚಿ ಆರ್ಡಿಸ್, ಬಹಳ ರುಚಿ" ಅಂತಿದ್ರು, ಕಣ್ಣಲ್ಲಿ ನೀರು.

ಸರಿ ಸರಿ, ಈಗ ಚೆನ್ನಾಗಿ ಮಾಡ್ತೀಯಾ. ಒಪ್ಪಿದೆ.

ಅಮ್ಮನ ಹಾಗೆ ಮಾತ್ರ ಯಾರಿಗೂ ಬರಲಿಲ್ಲ. ಚಾಕು ತುದೀಲಿ ಆ ಬೆಳ್ಳನೆ ಪೊರೆ ಸುಲಿದು, ಕೊಬ್ಬು ಸಾಸಿವೆಯಷ್ಟಿದ್ರೂ ಕಿತ್ತು ಎಸೀತಿದ್ದಳು. "ಜಿಂಕೆ ಕೊಬ್ಬು ಅಂದ್ರೆ ಮೇಣ ಕಣೋ ಹಾಲ್ವರ್, ಅಂಗುಳಿಗೆ ಅಂಟಿದ್ರೆ ಭಾನುವಾರ ಚರ್ಚಲ್ಲಿ ಹಾಡೋಕೂ ಬಾಯಿ ಬರಲ್ಲ" ಅಂತ. ಅವಳ ಸಾರು ಆರಿದ ಮೇಲೂ ಕನ್ನಡಿ ಥರ ಇರ್ತಿತ್ತು. ತಟ್ಟೆಗೆ ಸೋಪೇ ಬೇಕಿರಲಿಲ್ಲ. ನಿನಗೆ ಹೇಳಬೇಕಾ? ದಿನಾ ತೊಳೀತಿದ್ದೋಳೇ ನೀನು.

ಭಾವ ಹೇಗಿದ್ದಾರೆ? ಒಬ್ಬರನ್ನೇ ಬಿಟ್ಟು ಬಂದ್ಯಾ?

ಓ... ಪಕ್ಕದ ಮನೆಯಾಕೆ ಕೂತಿದ್ದಾಳಾ. ಅಷ್ಟಕ್ಕೆ ಬಂತಾ?

ಯಾವಾಗ? ಮಂಗಳವಾರ?... ನಿನ್ನ ಹೆಸರನ್ನೇ? ಎಷ್ಟು ಹೊತ್ತು?... ಸ್ವಲ್ಪ ಹೊತ್ತು ಅಂದ್ರೆ ಎಷ್ಟು ಅಕ್ಕ?

ಆಮೇಲೆ ಬಂತಲ್ಲ ನೆನಪಿಗೆ. ಬಂತಲ್ಲ? ಅದು ಹಾಗೇನೇ. ವಯಸ್ಸು. ಡಾಕ್ಟರೂ ಅದನ್ನೇ ಅಂದ್ರು ಅಂದೆಯಲ್ಲ. ಎಪ್ಪತ್ತಮೂರು ಅಂದ್ರೆ ಕಡಿಮೆಯಾ?

ಅಲ್ಲ, ಇದೇನು ಹೊಸದಾ? ಮೊದಲಿಂದ್ಲೂ ಇತ್ತು. ಬೇಟೆ ಶುರುವಾದ ದಿನ ಏನಾಯ್ತು? ಕತ್ತಲಲ್ಲಿ ಅರ್ಧ ಮೈಲಿ ಹಿಮ ತುಳಿದು, ಏಣಿ ಹತ್ತಿ, ಮರದ ಮೇಲೆ ನೆಟ್ಟಗೆ ಕೂತು, ಕೋವಿಗೆ ತುಂಬೋಣ ಅಂತ ಜೇಬಿಗೆ ಕೈ ಹಾಕಿದ್ರೆ... ತೋಟಾನೇ ಇಲ್ಲ! ಎಲ್ಲಾ ಅಡುಗೆಮನೆ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕ! ಇಳಿದು, ವಾಪಸ್ ನಡೆದು, ಮತ್ತೆ ಬಂದು... ಭಾವನ ಮುಖ ನೆನೆಸ್ಕೋ!

ನಗು ಬರಲಿಲ್ವಾ? ಕ್ರಿಸ್‌ಮಸ್ ದಿನ ಇದೇ ಕತೆಗೆ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ ನೀನು.

ಹೋಗ್ಲಿ ಬಿಡು. ತಟ್ಟೆ ಈ ಕಡೆ ಕೊಡು. ಸಾಕಾ? ಇನ್ನೆರಡು ತುಂಡು ಹಾಕ್ತೀನಿ. ಬ್ರೆಡ್ಡು ಅಲ್ಲಿದೆ.

ಏನು? ಯಾರ ಜಿಂಕೆಗೆ?... ಪಕ್ಕದ ಮನೆಯವರದಾ. ಛೆ. ಪರೀಕ್ಷೇಲಿ ಹಾಗಂತ ಬಂತಾ? ಈ ಬೆಟ್ಟಗಳಿಗೆ ಸೊರಗು ರೋಗ ಕಾಲಿಟ್ಟ ಮೇಲೆ ಇದೇ ಆಗೋಯ್ತು ನೋಡು. ಚೆನ್ನಾಗಿದ್ದ ಜಿಂಕೆ ಒಣಗಿ ಕಡ್ಡಿಯಾಗೋದು, ತಾನು ಓಡಾಡಿದ ದಾರೀನೇ ತನಗೆ ಮರೆತುಹೋಗೋದು... ಎಸೆದ್ರಾ ಅವರು? ಎಲ್ಲಾನೂ? ಒಂದು ತುಂಡೂ ತಿನ್ನಲಿಲ್ವಾ?

ನಮ್ಮದಾ? ನಮ್ಮದಕ್ಕೇನು? ಕೊಟ್ಟಿದ್ನಲ್ಲ ಪರೀಕ್ಷೆಗೆ. ಪೆಟ್ರೋಲ್ ಬಂಕಿನ ಹಿಂದೆ ವನ್ಯಜೀವಿ ಇಲಾಖೆಯವರು ಪೆಟ್ಟಿಗೆ ಇಟ್ಟಿದ್ದಾರಲ್ಲ, ಅದರಲ್ಲಿ ಜಿಂಕೆ ತಲೆ ಹಾಕಿ, ಚೀಟಿ ಬರೆದು, ಎಲ್ಲಾ ಮಾಡಿದೀನಿ. ಏನೂ ಇಲ್ಲ ಅಂತ ಬಂತು. ಆವಾಗ್ಲೇ ಹೇಳಿದ್ನಲ್ಲ ನಿನಗೆ. ಈಗ್ಯಾಕೆ ಮತ್ತೆ?

ಸುಮ್ಮನೆ ಕೇಳಿದೆ ಅಂದ್ರೆ ಸುಮ್ಮನೆ ತಿನ್ನು.

ಭಾವನಿಗೆ ಒಗ್ಗಿತ್ತು ಆ ಮಾಂಸ. ಅಲ್ವಾ? ಎದೆ ಕೊಯ್ದು ಮನೆಗೆ ಕಳಿಸುವಾಗ ಡಾಕ್ಟರು ಏನಂದ್ರು? ದನ ಬೇಡ, ಹಂದಿ ಬೇಡ, ಜಿಂಕೆ ಆದ್ರೆ ದಿನಾ ತಿನ್ನಲಿ, ಕೊಬ್ಬೇ ಇಲ್ಲ ಅದರಲ್ಲಿ ಅಂತ. ನಾನು ಎರಡನೇ ಮಾತಾಡಿದ್ನಾ? ಮಾರನೇ ದಿನವೇ ಅರ್ಧ ಜಿಂಕೆ ನಿನ್ನ ಬಾಗಿಲಿಗೆ ತಂದಿಟ್ಟೆ. ಬಿಳೀ ಕಾಗದದಲ್ಲಿ ಸುತ್ತಿ, ಒಂದೊಂದರ ಮೇಲೂ ತಾರೀಕು ಬರೆದು. ಸೋಮವಾರ ಮಾಂಸದ ಉಂಡೆ, ಮಂಗಳವಾರ ಬೀನ್ಸ್ ಜೊತೆ, ಬುಧವಾರ ಸಾರು... ನೀನೇ ಹೇಳ್ತಿದ್ದೆ. ಕೈಗೆ ಸಿಕ್ಕಿದ್ದಕ್ಕೆಲ್ಲ ಜಿಂಕೆ ಹಾಕ್ತೀನಿ ಕಣೋ, ಅವರಿಗೆ ಬೇಜಾರೇ ಇಲ್ಲ ಅಂತ.

ಯಾಕೆ ತಿಂತಾ ಇಲ್ಲ?

ಚಮಚದಲ್ಲಿ ಅದೇನು ಸರಿಸ್ತಾ ಕೂತಿದೀಯಾ? ಆರಿಹೋಗುತ್ತೆ. ಆರಿತು ನೋಡು ಆಗ್ಲೇ.

ಏನಿದೆ ಅದರಲ್ಲಿ?

...ಅದಾ, ಆ ಬಿಳೀ ಜಿಡ್ಡಾ. ಬೇಕನ್ ಕೊಬ್ಬು ಇರಬೇಕು. ಎರಡು ತುಂಡು ಹಾಕಿದ್ದೆ, ರುಚಿಗೆ ಅಂತ.

ಇಲ್ಲ ಅಂದ್ನಾ? ಅಂದೆ, ಹೌದು. ಮರೆತೆ. ನನಗೂ ವಯಸ್ಸಾಯ್ತಲ್ಲ.

ಅಕ್ಕ, ಹಾಗೆ ತಟ್ಟೆ ಎತ್ತಿ ಬೆಳಕಿಗೆ ಹಿಡೀಬೇಡ. ಕೋರ್ಟಾ ಇದು?

ಸರಿ. ದನ. ದನದ್ದೇ. ಅಂಗಡಿಯಿಂದ ತಂದೆ. ಸಮಾಧಾನ ಆಯ್ತಾ? ಜಿಂಕೆ ಮುಗಿದುಹೋಗಿತ್ತು, ನೀನು ಅಷ್ಟು ದೂರದಿಂದ ಬರ್ತೀಯಾ, ನಿನಗೆ ಇಷ್ಟ ಅಂತ... ಒಂದು ಸಣ್ಣ ಸುಳ್ಳು. ಅದಕ್ಕೆ ಈ ಮುಖಾನಾ? ನೀನಾದ್ರೂ ಏನು ಮಾಡ್ತಿದ್ದೆ ನನ್ನ ಜಾಗದಲ್ಲಿ?

ಎಲ್ಲಿಗೆ?

ಅಲ್ಲೇನಿಲ್ಲ. ಆ ಕೋಣೇಲಿ ಲೈಟು ಕೆಟ್ಟಿದೆ, ಸಾಮಾನೆಲ್ಲ ಹರಡಿದೆ, ಬೀಳ್ತೀಯಾ. ಅಕ್ಕ. ಆರ್ಡಿಸ್, ಮಾತು ಕೇಳು. ಫ್ರೀಜರ್ ಖಾಲಿ ಅಂತ ಹೇಳ್ತಿದೀನಲ್ಲ... ಅದನ್ನ ತೆಗೀಬೇಡ.

...

ಎಣಿಸಬೇಡ. ಇದೆ. ಎಲ್ಲಾ ಇದೆ. ನನ್ನ ಪಾಲು ಅದು. ಮೊದಲ ವಾರ ಬಿಚ್ಚಿ ತಿಂದಿದ್ದು ಬಿಟ್ರೆ ಒಂದೂ ಬಿಚ್ಚಿಲ್ಲ.

ತಾರೀಕು ಸರಿಯಾಗೇ ಓದಿದೀಯಾ. ನವೆಂಬರ್. ಅದೇ ಜಿಂಕೆ.

ಒಳಗೆ ಬಾ. ಅಲ್ಲಿ ಚಳಿ. ಬರಲ್ವಾ?... ಸರಿ. ನಾನೇ ಇಲ್ಲಿ ನಿಲ್ತೀನಿ. ಬಾಗಿಲಲ್ಲಿ.

ಫೋನ್ ಬಂತು. ಡಿಸೆಂಬರ್ ಮಧ್ಯದಲ್ಲಿ, ಶುಕ್ರವಾರ. ಇಲಾಖೆಯ ಹುಡುಗಿ, ಬಹಳ ಮರ್ಯಾದೆಯಿಂದ ಮಾತಾಡಿದಳು. ನಿಮ್ಮ ಜಿಂಕೆಗೆ ರೋಗ ಇದೆ ಸಾರ್ ಅಂದಳು. ಮನುಷ್ಯರಿಗೆ ಬಂದದ್ದು ಇದುವರೆಗೆ ಎಲ್ಲೂ ಕಂಡಿಲ್ಲ, ಹೆದರಬೇಡಿ, ಆದ್ರೆ ತಿನ್ನಬೇಡಿ. ಯಾರಿಗಾದ್ರೂ ಕೊಟ್ಟಿದ್ರೆ ಅವರಿಗೂ ಹೇಳಿ. ಹೇಳ್ತೀನಿ ಅಂದೆ. ಥ್ಯಾಂಕ್ಸ್ ಅಂತಾನೂ ಅಂದೆ ಅವಳಿಗೆ.

ನಿಜವಾಗ್ಲೂ ಹೇಳೋಕೇ ಫೋನ್ ಮಾಡಿದ್ದು ಅಕ್ಕ. ಅವತ್ತೇ, ಐದು ನಿಮಿಷ ಆಗಿರಲಿಲ್ಲ. ನೀನು ಎತ್ತಿದೋಳೇ ನನಗೆ ಬಾಯಿ ಬಿಡೋಕೆ ಬಿಡಲಿಲ್ಲ. "ಹಾಲ್ವರ್, ಇವತ್ತು ಎರಡನೇ ಸಲ ಬಡಿಸ್ಕೊಂಡ್ರು ಕಣೋ, ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು" ಅಂದೆ. ಅಳ್ತಾ ಇದ್ದೆ ನೀನು. ನಿನ್ನ ಜಿಂಕೆ ಅವರನ್ನ ಉಳಿಸ್ತು ಅಂದೆ. ಪರೀಕ್ಷೆ ಏನಾಯ್ತು ಅಂತ ಆಮೇಲೆ ಕೇಳಿದ್ದು, ಮೂಗು ಒರೆಸ್ಕೊಂಡು.

ಏನೂ ಇಲ್ಲ ಅಂದೆ ನಾನು. ಎರಡು ಮಾತು. ನಾಲಿಗೆಗೆ ಎಷ್ಟು ಸಲೀಸಾಗಿ ಬಂತು ಗೊತ್ತಾ?

ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಹೊತ್ತಿಗೆ ಅವರು ಇನ್ನೊಂದು ತಟ್ಟೆ ತಿಂದಿರ್ತಿದ್ರು. ಹಬ್ಬ ಕಳೀಲಿ ಅಂದ್ಕೊಂಡೆ. ಹಬ್ಬಕ್ಕೆ ನಿಮ್ಮನೆಗೇ ಬಂದ್ನಲ್ಲ? ಹೊಟ್ಟೆ ಸರಿಯಿಲ್ಲ ಅಂತ ಬರೀ ಆಲೂಗೆಡ್ಡೆ ತಿಂದು ಎದ್ದೆ. ಎದುರಿಗೆ ಭಾವ ಮಾಂಸದ ಉಂಡೆ ಬ್ರೆಡ್ಡಲ್ಲಿ ಒತ್ತಿ ಒತ್ತಿ ತಿಂತಿದ್ರು. ಅಷ್ಟು ದಿನ ತಿಂದಾಗಿದೆ, ಈಗ ಹೇಳಿ ಏನು ಬಂತು ಅಂತ ಅನಿಸೋಕೆ ಶುರುವಾಯ್ತು ಆಮೇಲೆ. ಒಂದು ಸಲ ಹಾಗನಿಸಿದ್ರೆ ಮುಗೀತು ಅಕ್ಕ. ಪ್ರತಿ ದಿನವೂ ಹಾಗೇ ಅನಿಸುತ್ತೆ.

ಇದನ್ನ ಎಸೆಯೋಣ ಅಂತ ಮೂರು ಸಲ ಗಾಡಿಗೆ ತುಂಬಿದೆ. ಮೂರು ಸಲಾನೂ ವಾಪಸ್ ಇಳಿಸಿದೆ. ಎಸೆದ್ರೆ... ಎಸೆದ್ರೆ ಅದು ನಿಜ ಆಗುತ್ತಲ್ಲ.

ಏನಾದ್ರೂ ಅನ್ನು. ಬೈಯಿ. ಆ ಪೊಟ್ಟಣ ತೆಗೆದು ಮುಖಕ್ಕೆ ಎಸಿ.

ಅದು ಇದರಿಂದ ಅಲ್ಲ ಅಕ್ಕ. ಭಾವನ ಮರೆವು. ಅಲ್ಲವೇ ಅಲ್ಲ. ಯಾರಿಗೂ ಬಂದಿಲ್ಲ ಅಂತ ಅವರೇ ಹೇಳಿದ್ದಾರೆ, ನಾನು ಮತ್ತೆ ಫೋನ್ ಮಾಡಿ ಕೇಳಿದೀನಿ, ಎರಡು ಸಲ. ತಿನ್ನೋಕೆ ಶುರು ಮಾಡಿ ಇನ್ನೂ ನಾಲ್ಕೇ ತಿಂಗಳು. ಅಷ್ಟರಲ್ಲಿ ಏನಾಗುತ್ತೆ? ಅದೂ ಅಲ್ದೆ ಮೊದಲೇ ಶುರುವಾಗಿತ್ತಲ್ಲ ಅವರಿಗೆ. ತೋಟಾ ಮರೆತಿರಲಿಲ್ವಾ? ಬೇಟೆಯ ಮೊದಲ ದಿನಾನೇ, ಈ ಜಿಂಕೆ ಕಣ್ಣಿಗೂ ಬೀಳೋ ಮುಂಚೆ. ಆ ಒಂದನ್ನೇ ಹಿಡ್ಕೊಂಡು ಈ ಚಳಿಗಾಲ ಕಳೆದಿದೀನಿ ನಾನು. ರಾತ್ರಿ ಎಚ್ಚರ ಆದ್ರೆ ಅದನ್ನೇ ಹೇಳ್ಕೊಂಡು ಮಲಗ್ತೀನಿ. ತೋಟಾ ಮರೆತಿದ್ರು, ತೋಟಾ ಮರೆತಿದ್ರು ಅಂತ.

ಹೌದು ಅನ್ನು. ನಿನಗೆ ಗೊತ್ತಿದೆಯಲ್ಲ. ನನ್ನನ್ನ ಕ್ಷಮಿಸಬೇಡ, ಅದು ಬೇಡ ನನಗೆ. ಮೊದಲೇ ಇತ್ತು ಕಣೋ ಅಂತ ಅನ್ನು ಸಾಕು.

ಅನ್ನಲ್ವಾ?

ಯಾಕೆ ಹಾಗೆ ನೋಡ್ತೀಯಾ? ಸಿಟ್ಟಿದ್ರೆ ಗೊತ್ತಾಗುತ್ತೆ ನನಗೆ, ಇದು ಸಿಟ್ಟಲ್ಲ. ಏನಿದು? ಯಾಕೆ ನನ್ನ ನೋಡಿ... ಅಕ್ಕ?

...ಆಸ್ಪತ್ರೆ.

ಬೇಟೆ ಶುರುವಾದ ದಿನ ಭಾವ ಆಸ್ಪತ್ರೇಲಿದ್ರು. ಹೌದಲ್ಲ. ಎದೆ ಕೊಯ್ದು ಮೂರನೇ ದಿನ. ನೀನು ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಈ ವರ್ಷ ಒಬ್ಬನೇ ಹೋಗ್ತೀನಿ ಅಂತ ನಿನಗೆ ಹೇಳಿದ್ದೆ ನಾನು.

ಒಬ್ಬನೇ.

ತೋಟಾ ಪಕ್ಕ ಇದ್ದ ಕಾಫಿ ಲೋಟ ನಂದು.

ಕ್ರಿಸ್‌ಮಸ್ ದಿನ ನೀನು ನಕ್ಕಿದ್ದು ನನ್ನ ನೋಡಿ.

...

ಅಕ್ಕ... ಮುಚ್ಚಳ ಹಾಕು. ಎಲ್ಲಾ ಕರಗುತ್ತೆ.