ಒರೆಸಿದ ಗುರುತು

ನಗಬೇಡಿ. ಇದು ನಮ್ಮ ದೊಡ್ಡಪ್ಪ ತಿಪ್ಪಯ್ಯನಿಗೇ ಆಗಿದ್ದು. ಎಪ್ಪತ್ತೊಂಬತ್ತನೇ ಇಸವಿ, ಮೇ ತಿಂಗಳು.

ದೊಡ್ಡಮ್ಮನ ಕೆಮ್ಮಿಗೆ ತುಮಕೂರಿಂದ ಔಷಧಿ ತಗೊಂಡು ದೊಡ್ಡಪ್ಪ ಏಳು ಗಂಟೆಗೆ ಹೆಬ್ಬೂರಲ್ಲಿ ಬಸ್ಸಿಳಿದ. ಊರಿಗೆ ಮೂರು ಮೈಲಿ ನಡಿಗೆ. ಜೊತೆಗೆ ಪಕ್ಕದ ಮನೆ ರುದ್ರಯ್ಯ. ದೊಡ್ಡಪ್ಪನ ಕೈಯಲ್ಲಿ ಟಾರ್ಚು. ಕುಣಿಗಲ್ ಕಡೆ ಆಕಾಶ ಗುಡುಗುಡು ಅಂತಿತ್ತು.

ಕಾಲು ಗಂಟೆ ನಡೆದಿರಬೇಕು... ತಲೆ ಮೇಲೆ ಸದ್ದು. ಕಿರ್... ಗಾಜಿನ ಮೇಲೆ ಮೇಣದ ಕಡ್ಡಿಯಲ್ಲಿ ಗೀಚಿದ ಹಾಗೆ.

"ಕೇಳಿಸ್ತೇನ್ಲಾ?" ದೊಡ್ಡಪ್ಪ ಪಿಸುಗುಟ್ಟಿದ.

"ಹ್ಞೂಂ ಕಣಣ್ಣ... ಯಾವ್ದೋ ಹಕ್ಕಿ ಬುಡು. ಬಿರ್ನೆ ನಡಿ."

ಇನ್ನೊಂದು ಕಾಲು ಗಂಟೆ. ಮತ್ತೆ... ಕಿರ್. ಅದಾದ ಕಾಲು ಗಂಟೆಗೆ ಮೂರನೇ ಸಲ. ಮೇಲೆ ಮರವಿಲ್ಲ, ತಂತಿಯಿಲ್ಲ.

ಅದೇ ಹೊತ್ತಿಗೆ ದೊಡ್ಡಪ್ಪನ ಮಗ ಗಂಗಹನುಮಯ್ಯ ಬೆಂಗಳೂರಲ್ಲಿ ಡ್ಯೂಟಿ ಮೇಲಿದ್ದ. ಮಳೆ ನೋಡುವ ರಾಡಾರಿನ ಕೆಲಸ. ಎಲ್ಲಿ ಮಳೆಯಿದೆಯೋ ಅಲ್ಲಿ ಗಾಜಿನ ಮೇಲೆ ಬೆಳಕಿನ ಕಲೆ ಕಾಣುತ್ತೆ. ಕಾಲು ಗಂಟೆಗೊಮ್ಮೆ ಅದಕ್ಕೆ ಕೆಂಪು ಮೇಣದ ಕಡ್ಡಿಯಲ್ಲಿ ಗುರುತು ಹಾಕಬೇಕು. ಮೂರು ಗುರುತು ಸೇರಿಸಿ ಗೆರೆ ಎಳೆದರೆ ನಾಲ್ಕನೆಯದು ಎಲ್ಲಿ ಬೀಳುತ್ತೆ ಅಂತ ಗೊತ್ತಾಗುತ್ತೆ. ಬಿರುಗಾಳಿ ಎತ್ತ ಹೊರಟಿದೆ ಅಂತ ಮುಂಚೆಯೇ ಹೇಳೋದು ಹಾಗೆ.

ಆವತ್ತು ಮಳೆಯ ಕಲೆಗಳೆಲ್ಲ ಕುಣಿಗಲ್ ದಾಟಿ ಹೆಬ್ಬೂರ ಕಡೆಗೆ ಓಡ್ತಿದ್ದವು. ಒಂದು ಚುಕ್ಕೆ ಮಾತ್ರ... ಸಾಸಿವೆಯಷ್ಟು... ಹೆಬ್ಬೂರಿಂದ ಗಾಳಿಗೆ ಎದುರಾಗಿ ಹೋಗ್ತಿತ್ತು. ಗಂಟೆಗೆ ಮೂರೇ ಮೈಲಿ. ಮೂರು ಗುರುತು ಹಾಕಿ ಗೆರೆ ಎಳೆದ. ಗೆರೆ ನೆಟ್ಟಗೆ ಅವನ ಊರಿಗೇ ಹೋಯ್ತು.

"ಯಾರೋ ನಡ್ಕೊಂಡು ಮನೆಗೋಗ್ತಿರಂಗೈತೆ ಸಾರ್," ಅಂದ.

ಸಾಹೇಬರು ನಕ್ಕರು. "ಮೋಡ ಅಷ್ಟು ನಿಧಾನಕ್ಕೆ ಹೋಗುತ್ತೇನ್ರೀ? ಒರೆಸಿ."

ಬಟ್ಟೆ ತಗೊಂಡು ಒರೆಸಿದ. ಎಂಟಕ್ಕೆ ಹತ್ತು ನಿಮಿಷ.

ಇತ್ತ ಇಬ್ಬರೂ ಊರಾಚೆ ಆಲದ ಮರದ ಹತ್ತಿರ, ಬಾವಿ ಪಕ್ಕ ಬಂದಿದ್ದರು. ರುದ್ರಯ್ಯನಿಗೆ ಈ ಸಲ ಕೇಳಿದ್ದು ಕಿರ್ ಅಲ್ಲ. ಸರ್ರ್... ಒದ್ದೆ ಬಟ್ಟೆ ಎಳೆದ ಹಾಗೆ. ತಿರುಗಿ ನೋಡಿದ. ಟಾರ್ಚು ನೆಲದ ಮೇಲೆ ಉರೀತಿತ್ತು. ದೊಡ್ಡಪ್ಪ ಇಲ್ಲ.

ಬಾವಿ ಜಾಲಾಡಿದರು. ಮೂರು ದಿನ. ಹೆಣವೂ ಸಿಗಲಿಲ್ಲ. ಎಷ್ಟೋ ತಿಂಗಳು ಕಾದು ಕೊನೆಗೆ ಹೆಂಗಸರು ದೊಡ್ಡಮ್ಮನ ಕುಂಕುಮ ಅಳಿಸೋಕೆ ಕೂತರು. ಗಂಗಹನುಮಯ್ಯ ಓಡಿ ಬಂದು ಅವರ ಕೈ ಹಿಡಿದುಕೊಂಡ. "ಒರ್ಸಬ್ಯಾಡ್ರವ್ವಾ... ನಾನೊಂದ್ಸಲ ಒರ್ಸಿದ್ದೇ ಸಾಕು," ಅಂತ ಗೋಳೋ ಅಂತ ಅತ್ತ. ದೊಡ್ಡಮ್ಮ ಸಾಯೋವರೆಗೂ ಕುಂಕುಮ ಇಟ್ಟುಕೊಂಡೇ ಇದ್ದಳು.

ಟಾರ್ಚು ನಮ್ಮನೆಯಲ್ಲೇ ಇದೆ. ಅದರ ಗಾಜಿನ ಮೇಲೆ ಕೆಂಪು ಮೇಣ ಒರೆಸಿದ ಕಲೆ. ಸೀಮೆಎಣ್ಣೆ ಹಾಕಿ ನಾನೇ ತಿಕ್ಕಿದ್ದೀನಿ, ಹೋಗಲಿಲ್ಲ. ಸುಳ್ಳು ಹೇಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ... ಕಲೆ ಇರೋದು ಗಾಜಿನ ಒಳಗಡೆ.